ಹುಳಿಗಂಜಿಯ ಗೆಲುವು

ಕಾಲೇಜಿನ ಗ್ರಂಥಾಲಯಕ್ಕೆ ಬರುತ್ತಿದ್ದ ಸೂಕ್ಷ್ಮಜೀವಿ ವಿಜ್ಞಾನದ ಪತ್ರಿಕೆಯ ಚಂದಾ ಮತ್ತೆ ಏರಿತ್ತು. ಇನ್ನು ಅದನ್ನು ತರಿಸುವುದಿಲ್ಲವಂತೆ ಎಂದು ಗ್ರಂಥಪಾಲಕ ಫಕೀರಪ್ಪ ಹೇಳಿದಾಗ ಅಧ್ಯಾಪಕಿ ಧರಣಿ ಮೇಡಂ ಕಂಗಾಲಾದರು. ಕಾಲೇಜಿನ ಪ್ರಯೋಗಾಲಯದಲ್ಲಿ ಅಕ್ಕಿಯ ಹುಳಿಗಂಜಿಯೊಳಗಿನ ಜೀವಾಣುಗಳ ಬೆನ್ನು ಹತ್ತಿಯೇ ಅವರ ತಲೆ ನರೆತಿತ್ತು. ಬೇರೆ ಕಡೆಯವರು ಏನೇನು ಕಂಡುಕೊಂಡಿದ್ದಾರೆಂದು ಓದದೆ ಮುಂದಿನ ಕೆಲಸ ಸಾಗುವಂತಿರಲಿಲ್ಲ.

ಪ್ರಾಂಶುಪಾಲರು ಬರೀ ಮಾತಿಗೆ ಕರಗುವವರಲ್ಲ. ಅದಕ್ಕೇ ಮೇಡಂ ಮನೆಯಲ್ಲಿ ಹುಳಿಬರಿಸಿದ ಗಂಜಿಗೆ ಉಪ್ಪು, ಶುಂಠಿ ಬೆರೆಸಿ ತಂಬಿಗೆಯಲ್ಲಿ ತುಂಬಿಕೊಂಡು ಅವರ ಕೋಣೆಗೆ ಹೋದರು.

ಪ್ರಾಂಶುಪಾಲರು ಒಂದೇ ಗುಟುಕಿಗೆ ಲೋಟ ಬರಿದು ಮಾಡಿ ಮೀಸೆ ಒರೆಸಿಕೊಂಡರು. "ನಮ್ಮವ್ವ ಮಾಡ್ತಿದ್ದ ರುಚೀನೇ ಐತಲ್ರೀ!"

"ಆ ರುಚಿ ಯಾವ ಜೀವಾಣುವಿಂದ ಬರುತ್ತೆ ಅನ್ನೋದನ್ನೇ ನಾನು ಹುಡುಕ್ತಿರೋದು ಸರ್. ಪತ್ರಿಕೆ ನಿಂತರೆ ನನ್ನ ಸಂಶೋಧನೆಯೂ ನಿಂತ ಹಾಗೆ."

ಪ್ರಾಂಶುಪಾಲರ ಕಣ್ಣು ತೇವವಾಯಿತು. "ನಿಲ್ಲಾಕ ಬಿಡಂಗಿಲ್ಲ. ಏನರ ಮಾಡಿ ಹೊಂದಸ್ತೀನಿ, ಚಿಂತಿ ಬಿಡ್ರಿ."

ಕೆಲವೇ ದಿನಗಳಲ್ಲಿ ಫಕೀರಪ್ಪ ಹೊಸ ಸಂಚಿಕೆ ಹಿಡಿದು ಓಡೋಡಿ ಬಂದ. ಮೇಡಂ ಅದನ್ನು ಎದೆಗವಚಿಕೊಂಡು, ಮತ್ತೊಂದು ತಂಬಿಗೆ ಗಂಜಿಯೊಡನೆ ಪ್ರಾಂಶುಪಾಲರಿಗೆ ಕೃತಜ್ಞತೆ ಹೇಳಲು ಹೋದರು.

"ಅಷ್ಟು ದುಡ್ಡು ಹೇಗೆ ಹೊಂದಿಸಿದಿರಿ ಸರ್?"

ಪ್ರಾಂಶುಪಾಲರು ನಗುತ್ತಾ ಲೋಟ ಮುಂದೆ ಹಿಡಿದರು.

"ನಿಮ್ಮ ಪ್ರಯೋಗಾಲಯ ಮುಚ್ಚಿಸೀನ್ರಿ ಮೇಡಂ. ಇನ್ನ ಆರಾಮ ಕುಂತು ಓದ್ರಿ."