ಕೋರ್ಟಿನ ಕಾವಲು

ಮರದ ಮನೆಯನ್ನು ಬುನಾದಿಯಿಂದ ಎತ್ತಿ ಉರುಳುವ ದಿಮ್ಮಿಗಳ ಮೇಲೆ ಕೂರಿಸಿ, ಮುಂದೆ ಎತ್ತುಗಳನ್ನು ಕಟ್ಟಿಯಾಗಿತ್ತು. ಥೋರಾ ಮಾತ್ರ ಸಲಿಕೆ ಹಿಡಿದು ಅಂಗಳದಲ್ಲೇ ನಿಂತಿದ್ದಳು. ತೀರಿಕೊಂಡ ಮಗಳನ್ನು ಸಮಾಧಿಯಿಂದ ಅಗೆದು ತೆಗೆದು ಜೊತೆಗೆ ಒಯ್ಯದೆ ತಾನು ಹೊರಡುವುದಿಲ್ಲವೆಂದು ಗಂಡ ಹಾಲ್ವರ್‌ಗೆ ಹೇಳುತ್ತಲೇ ಬಂದಿದ್ದಳು. ಅವನು ನಾಳೆ, ನಾಳೆ ಎಂದು ದಿನ ತಳ್ಳಿದ್ದ.

ಇಡೀ ಊರೇ ನೆರೆಯ ಹ್ಯಾರೋ ಊರಿಗೆ ಹೊರಟಿತ್ತು. ಕೌಂಟಿಯ, ಅಂದರೆ ಇಡೀ ಜಿಲ್ಲೆಯ, ಕೋರ್ಟು ಯಾವ ಊರಿನಲ್ಲಿರಬೇಕೆಂದು ಮತ ಹಾಕಿದಾಗ ಹ್ಯಾರೋ ಗೆದ್ದಿತ್ತು. ಮೊದಲು ಕೋರ್ಟಿನ ಕಟ್ಟಡವನ್ನೇ ಎಳೆದೊಯ್ದರು. ಅದರ ಹಿಂದೆ ಅಂಗಡಿಗಳು ಹೋದವು, ಚರ್ಚು ಹೋಯಿತು. ಈಗ ಮನೆಗಳ ಸರದಿ.

"ಒಲೆ ಆರಿಸಬೇಡ ತಂಗಿ," ಎಂದ ಮನೆ ಸಾಗಿಸುವ ಮುದುಕ ಪಿಂಕಮ್. "ದಾರೀಲೇ ಕಾಫಿ ಕಾಯಿಸ್ಕೊಂಡು ಕುಡೀಬಹುದು. ನನ್ನ ಎತ್ತುಗಳು ಲೋಟ ತುಳುಕಿಸಲ್ಲ."

ಥೋರಾ ಕೋರ್ಟಿದ್ದ ಜಾಗದ ಹಿಂದಿನ ಸಮಾಧಿಗಳ ಕಡೆ ನಡೆದಳು. ಹಾಲ್ವರ್ ಹಿಂದೆಯೇ ಹೋದ. ಗಂಟಲುಬೇನೆ ಬಂದು ಮಗಳು ಮಾರಿತ್ ತೀರಿಕೊಂಡಾಗ ಇಬ್ಬರೂ ಜ್ವರದಲ್ಲಿ ಮಲಗಿದ್ದರು. ಊರಿನಲ್ಲಿ ಸತ್ತ ಉಳಿದ ಮಕ್ಕಳ ಸಾಲಿನಲ್ಲೇ ಅವಳನ್ನೂ ನೆರೆಯವರು ಹೂತಿದ್ದರು. ಎದ್ದು ಓಡಾಡುವಂತಾದ ಮೇಲೆ ಹಾಲ್ವರ್ ಹಲಗೆಯ ಮೇಲೆ ಹೆಸರು ಕೊರೆದು, ಅವರು ತೋರಿಸಿದ ಕಡೆ ನೆಟ್ಟಿದ್ದ. ಆಮೇಲೆ ಹಿಮ ಬಿತ್ತು.

ಈಗ ಅಲ್ಲಿ ಹುಲ್ಲು ಮೊಳೆತಿತ್ತು. ಮಣ್ಣು ಕುಸಿದು ಸಮನಾಗಿತ್ತು. ಒಂದು ಹಲಗೆಯೂ ಇರಲಿಲ್ಲ; ಮಾರಿತ್ ಎಲ್ಲಿದ್ದಾಳೆಂದು ಗುರುತು ಹಿಡಿಯುವಂತಿರಲಿಲ್ಲ.

ಥೋರಾ ಆ ತುದಿಯಿಂದ ಈ ತುದಿಗೆ ನಡೆದಳು. ದನಗಳು ಕೆಡವಿರಬೇಕು ಎಂದಳು. ಹಾಲ್ವರ್ ಸಾಲಿನ ತುದಿಯಲ್ಲೇ ನಿಂತಿದ್ದ. ಅವನು ಯಾಕೆ ಹುಡುಕುತ್ತಿಲ್ಲವೆಂದು ಅವಳು ತಿರುಗಿ ನೋಡಿದಳು.

ಆಗ ಅವನು ನೆಲ ನೋಡುತ್ತಾ ಹೇಳಿದ. ಹ್ಯಾರೋದವರು ದಾಖಲೆಗಳನ್ನು ಹೊತ್ತೊಯ್ಯಲು ಕೋರ್ಟಿಗೆ ನುಗ್ಗುತ್ತಾರೆಂಬ ಸುದ್ದಿ ಬಂದು ಚಳಿಗಾಲವಿಡೀ ಅವನೂ ಸೇರಿ ಊರಿನ ಗಂಡಸರು ಬಂದೂಕು ಹಿಡಿದು ಕಾವಲಿದ್ದರು. ಸುತ್ತ ಎಲ್ಲೂ ಮರವಿಲ್ಲ. ಹಿಮಗಾಳಿಗೆ ಬೆರಳು ಮರಗಟ್ಟಿದಾಗ ಬೆಂಕಿಗೆ ಹಾಕಲು ಕೈಗೆ ಸಿಕ್ಕಿದ್ದು ಸಮಾಧಿಯ ಆ ಹಲಗೆಗಳು.

"ಅವಳದ್ದೂ?"

"ಕತ್ತಲಿತ್ತು ಥೋರಾ. ಹೆಸರು ಕಾಣಲಿಲ್ಲ."

"ನೀನೇ ಕೊರೆದ ಅಕ್ಷರ. ಕೈಗೂ ಗೊತ್ತಾಗಲಿಲ್ವಾ?"

ಹಾಲ್ವರ್ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ.

ಥೋರಾ ಅಳಲಿಲ್ಲ. ಮನೆಗೆ ಬಂದು ಮುಂಬಾಗಿಲನ್ನು ತಿರುಗಣಿಯಿಂದ ಕಿತ್ತು, ಒಬ್ಬಳೇ ಎಳೆದುಕೊಂಡು ಹೋದಳು. ಹಾಲ್ವರ್ ಕೈಹಾಕಲು ಬಂದಾಗ ಬಿಡಲಿಲ್ಲ. ಮಕ್ಕಳ ಸಾಲಿನ ನಡುವೆ ಗುಂಡಿ ತೋಡಿ ಬಾಗಿಲನ್ನು ನೆಟ್ಟಗೆ ನಿಲ್ಲಿಸಿ, ಬುಡದ ಮಣ್ಣನ್ನು ಸಲಿಕೆಯಿಂದ ಬಡಿದು ಗಟ್ಟಿ ಮಾಡಿದಳು.

ಅವಳು ತಿರುಗಿ ಬಂದಾಗ ಪಿಂಕಮ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ಹ್ಯಾರೋದಲ್ಲಿ ಗಾಳಿ ಜೋರು, ತಂಗಿ. ಬಾಗಿಲಿಲ್ಲದ ಮನೇಲಿ ಹೇಗಿರ್ತೀಯ?"

"ಹಾಲ್ವರ್ ಕಾವಲಿರ್ತಾನೆ," ಎಂದಳು ಥೋರಾ. "ಅವನಿಗೆ ಅಭ್ಯಾಸ ಇದೆ."