ಗಂಡಿನ ಕಂಠ, ಪುಟ ನೂರಾ ಹನ್ನೆರಡು

"ಕಳ್ಳತನಕ್ಕೂ ಒಂದು ಮರ್ಯಾದೆ ಅಂತ ಇರುತ್ತಮ್ಮಾ," ಎಂದು ಕಾದಂಬರಿಕಾರರು ಹಸ್ತಪ್ರತಿಯನ್ನು ಮೇಜಿನ ಮೇಲೆ ಕುಕ್ಕಿದರು. "ಕದಿಯೋದು ಕದೀತೀಯ, ತೀರ್ಪು ಕೊಡೋನ ಮನೆಗೇ ಕನ್ನ ಹಾಕ್ತೀಯಾ?"

ಎದುರಿಗೆ ಕುಳಿತಿದ್ದ ನರ್ಸ್ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು. ಕಾಲಿನ ಬಿಳಿ ಬೂಟು ಕೂಡ ಬದಲಿಸಿರಲಿಲ್ಲ. ನಾಲ್ಕು ವರ್ಷ, ಪಾಳಿ ಮುಗಿದ ಮೇಲೆ ಕೂತು ಬರೆದ ಪ್ರೇಮ ಕಾದಂಬರಿ ಅದು. ಪ್ರಕಾಶಕರ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಉಳಿದದ್ದು ಅದೊಂದೇ, ಒಪ್ಪಿಗೆ ಸಿಕ್ಕರೆ ಅಚ್ಚಾಗುತ್ತಿತ್ತು. ತೀರ್ಪುಗಾರರು ಈ ಕಾದಂಬರಿಕಾರರೊಬ್ಬರೇ. ಇವರ ಒಂದು ಫೋನಿಗೆ ಆ ನಾಲ್ಕು ವರ್ಷ ರದ್ದಿಗೆ ಹೋಗುತ್ತಿತ್ತು. ಮೇಲೆ ಕಳ್ಳಿ ಎಂಬ ಬಿರುದು ಬೇರೆ.

ಪಕ್ಕದ ಕೋಣೆಯಲ್ಲಿ ಕಾದಂಬರಿಕಾರರ ಹೆಂಡತಿಯ ಹೊಲಿಗೆ ಯಂತ್ರ ಒಂದೇ ಸಮನೆ ಓಡುತ್ತಿತ್ತು. ಅದರ ಒಂದು ಕಾಲು ಗಿಡ್ಡ. ಅದರಡಿಗೆ ಬಟ್ಟೆ ಸುತ್ತಿದ ಒತ್ತೊಂದನ್ನು ಕೊಟ್ಟು, ಮದುವೆಯಾದಾಗಿನಿಂದ ಅವಳು ಹಾಗೇ ನಡೆಸಿಕೊಂಡು ಬಂದಿದ್ದಳು.

"ಪುಟ ಹದಿನಾಲ್ಕು. 'ಅವನ ನೋಟ ಬೇಲಿ ದಾಟಿದ ಬಳ್ಳಿ.' ಇದು ನನ್ನ ಮೂರನೇ ಕಾದಂಬರೀದು. ಪುಟ ನಲವತ್ತು. 'ಅವನ ಕಂಠ ತಾಮ್ರದ ಕೊಡದೊಳಗೆ ಬಿದ್ದ ಬೆಳದಿಂಗಳು.' ಅದು ಮೊದಲನೇದರದು! ಆ ಸಾಲಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದಾರೆ, ಗೊತ್ತಾ?"

ಇಷ್ಟನ್ನು ಹೇಳಿದ ಅವರ ಸ್ವಂತ ಕಂಠ ಮಾತ್ರ ಎಣ್ಣೆ ಕಾಣದ ಗೇಟಿನದು.

"ನಿಮ್ಮ ಕಾದಂಬರಿ ನಾನು ಒಂದೂ ಓದಿಲ್ಲ ಸಾರ್," ಎಂದಳು ನರ್ಸ್.

ಕದ್ದೆ ಎಂದು ಒಪ್ಪಿಕೊಂಡಿದ್ದರೂ ಅವರಿಗೆ ಇಷ್ಟು ಉರಿಯುತ್ತಿರಲಿಲ್ಲ.

"ಮತ್ತೇನು, ಆಕಾಶದಿಂದ ಉದುರಿತಾ?"

"ಲೈಬ್ರರೀಲಿ ಒಂದು ಹಳೇ ಪುಸ್ತಕ ಇದೆ ಸಾರ್. ವರ್ಣನೆಗಳ ಕೋಶ. ಕಣ್ಣು, ನಡಿಗೆ, ನಿಟ್ಟುಸಿರು, ಎಲ್ಲಕ್ಕೂ ಸಾಲು ಜೋಡಿಸಿಟ್ಟಿದಾರೆ. ಗಂಡಿನ ಕಂಠ ಪುಟ ನೂರಾ ಹನ್ನೆರಡು. ಕತೆ ನಂದೇ, ಅದರೊಳಗಿನ ಜನರೂ ನನ್ನವರೇ. ಆದ್ರೆ ಗಂಟಲು ಅಂದ್ರೆ ನಂಗೆ ಊತ, ಕೆಮ್ಮು, ಇಷ್ಟೇ ತೋಚೋದು. ಅದಕ್ಕೇ ಅಲ್ಲಿಂದ ತಗೊಂಡೆ. ಬೇಕಾದವರು ಬಳಸ್ಕೊಳ್ಳಿ ಅಂತ ಮುನ್ನುಡೀಲೇ ಇದೆ."

ಕಾದಂಬರಿಕಾರರು ಕುರ್ಚಿಗೆ ಒರಗಿ ನಕ್ಕರು. ಹುಳ ಬಿದ್ದ ಹಣ್ಣನ್ನು ಪಕ್ಕಕ್ಕಿಡುವವರ ಹಾಗೆ ಎರಡೇ ಬೆರಳಿನಲ್ಲಿ ಹಸ್ತಪ್ರತಿಯನ್ನು ದೂರ ಸರಿಸಿದರು.

"ಕೋಶ! ಸಂತೇಲಿ ಬದನೆಕಾಯಿ ಆರಿಸಿದ ಹಾಗೆ ಪ್ರೀತಿ ಆರಿಸ್ಕೊಂಡು ಬಂದ್ಯಾ? ಪ್ರೀತಿಸಿದವರಿಗೆ ಪುಸ್ತಕ ಬೇಕಾಗಲ್ಲಮ್ಮಾ. ಇಲ್ಲಿರಬೇಕು, ಎದೇಲಿ! ನನ್ನ ಒಂದೊಂದು ಸಾಲೂ ಜೀವಂತ ಹೆಣ್ಣೊಬ್ಬಳ ಮನಸ್ಸಿಂದ ಬಂದಿದ್ದು."

ಇದೊಂದನ್ನು ಮಾತ್ರ ಅವರು ಮನಸಾರೆ ನಂಬಿದ್ದರು. ಮೇಜಿನ ಕೆಳಗಿನ ಖಾನೆಯಲ್ಲಿ, ಬೀಗದೊಳಗೆ, ಒಂದು ಕಾಗದದ ಕಟ್ಟಿತ್ತು. ಮದುವೆ ನಿಶ್ಚಯವಾದ ಮೇಲೆ ಎರಡು ವರ್ಷ ಇವರು ಬೇರೆ ಊರಿನಲ್ಲಿ ಕೆಲಸಕ್ಕಿದ್ದಾಗ, ಹೆಂಡತಿಯಾಗಲಿದ್ದವಳು ವಾರಕ್ಕೊಂದರಂತೆ ಬರೆದ ಕಾಗದಗಳು. ತಮ್ಮದು ಬೆಳದಿಂಗಳ ಕಂಠ ಎಂದು ಅವರಿಗೆ ಗೊತ್ತಾದದ್ದೇ ಅವುಗಳಿಂದ. ಹೊಸ ಕಾದಂಬರಿ ಶುರುವಾದಾಗಲೆಲ್ಲ ಬಾಗಿಲು ಹಾಕಿಕೊಂಡು, ಕಟ್ಟು ಬಿಚ್ಚಿ, ಒಂದೊಂದೇ ಸಾಲು ಇಳಿಸಿಕೊಳ್ಳುತ್ತಿದ್ದರು. ಹಾಗೆ ಹನ್ನೊಂದು ಕಾದಂಬರಿಗಳಾದವು. ಹೆಣ್ಣಿನ ಮನಸ್ಸು ಇವರಿಗೆ ತಿಳಿದಷ್ಟು ಇನ್ನಾರಿಗೂ ತಿಳಿಯದು ಎಂದು ಓದುಗರು ಕೊಂಡಾಡಿದರು.

ಹೆಂಡತಿಯನ್ನು ಒಂದು ಮಾತು ಕೇಳಬೇಕು ಎಂದು ಅವರಿಗೆ ಅನಿಸಿರಲಿಲ್ಲ. ಹೆಂಡತಿ ಬರೆದದ್ದು ಗಂಡನದೇ ತಾನೆ? ಅವಳೂ ಅವರ ಪುಸ್ತಕ ಮುಟ್ಟಿದವಳಲ್ಲ. ಯಾರಾದರೂ ಕೇಳಿದರೆ, "ಓದೋದೇನಿದೆ, ಎಲ್ಲ ಗೊತ್ತಿರೋದೇ," ಎಂದು ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಹಾಗಾದ್ರೆ ಆ ಕೋಶದವನೇ ನನ್ನಿಂದ ಕದ್ದಿದಾನೆ," ಎಂದರು ಕಾದಂಬರಿಕಾರರು. "ಎಲ್ಲಿ, ತೋರಿಸು ಪುಸ್ತಕ."

"ಮನೆಗೆ ಕೊಡಲ್ಲ ಸಾರ್. ಎರಡು ಪ್ರತಿ ಇತ್ತಂತೆ, ಒಂದನ್ನ ಒಯ್ದವರು ಮೂವತ್ತೆರಡು ವರ್ಷ ಆದ್ರೂ ವಾಪಸ್ ತಂದಿಲ್ಲ. ಅದಕ್ಕೇ ಅಲ್ಲೇ ಕೂತು ಬರ್ಕೊಂಡೆ. ಇವತ್ತು ಲೈಬ್ರರಿಗೆ ರಜಾ. ನಾಳೆ ಬನ್ನಿ, ತೋರಿಸ್ತೀನಿ."

"ಕಳ್ಳರೆಲ್ಲ ನಾಳೆ ಅಂತಾನೇ ಹೇಳೋದು."

ಅವರು ಫೋನೆತ್ತಿ ಪ್ರಕಾಶಕರ ನಂಬರ್ ಒತ್ತಿದರು. ಹುಡುಗಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿದರು. "ನೋಡ್ರೀ, ನಿಮ್ಮ ಸ್ಪರ್ಧೇಲಿ ಒಂದು ಕಳ್ಳಮಾಲು ಸಿಕ್ಕಿದೆ..."

ಪಕ್ಕದ ಕೋಣೆಯಲ್ಲಿ ಯಂತ್ರ ನಿಂತಿತು. ಏನನ್ನೋ ಎಳೆದ ಸದ್ದಾಯಿತು. ಹೆಂಡತಿ ಬಾಗಿಲಿಗೆ ಬಂದಳು.

ಕಾದಂಬರಿಕಾರರು ಫೋನಿನ ಮೇಲೆ ಕೈ ಮುಚ್ಚಿದರು. ಎಲ್ಲ ಕೇಳಿಸಿಕೊಂಡಳೇ? ಆ ಸಾಲುಗಳೆಲ್ಲ ನನ್ನವು ಎಂದು ಈ ಹುಡುಗಿಯ ಮುಂದೆ ಹೇಳಿಬಿಡುತ್ತಾಳೆಯೇ? "ನೀನು ಒಳಗೆ ಹೋಗೇ," ಎಂದರು ಮೆಲ್ಲಗೆ.

ಅವಳು ಅವರ ಕಡೆ ನೋಡಲಿಲ್ಲ. ಯಂತ್ರದ ಕಾಲಿನಡಿ ಇದ್ದ ಬಟ್ಟೆಯ ಗಂಟನ್ನು ನರ್ಸಿನ ತೊಡೆಯ ಮೇಲಿಟ್ಟಳು. "ನಾಳೆ ಹೋದಾಗ ಇದನ್ನ ಕೊಟ್ಟುಬಿಡಮ್ಮಾ. ಸ್ವಲ್ಪ ತಡ ಆಯ್ತು ಅಂತ ಹೇಳು."

ಗಂಟು ಬಿಚ್ಚಿಕೊಂಡಿತು. ಒಳಗಿದ್ದ ದಪ್ಪ ಪುಸ್ತಕ, ಎಷ್ಟೋ ಸಲ ತೆರೆದು ಅಭ್ಯಾಸವಾದದ್ದರ ಹಾಗೆ, ತಾನಾಗಿಯೇ ನೂರಾ ಹನ್ನೆರಡನೇ ಪುಟಕ್ಕೆ ಬಾಯಿ ಬಿಟ್ಟಿತು. ಲೈಬ್ರರಿಯ ನೀಲಿ ಮೊಹರಿನ ಪಕ್ಕದಲ್ಲಿ ಬೆಳದಿಂಗಳು, ತಾಮ್ರದ ಕೊಡ. ಅಂಚಿನಲ್ಲಿ ಸಾಲುಸಾಲಿಗೂ ಪೆನ್ಸಿಲ್ ಗುರುತು, ಖಾನೆಯ ಕಾಗದಗಳದ್ದೇ ಗುಂಡು ಅಕ್ಷರ: ಮೊದಲ ವಾರ. ಎರಡನೇ ವಾರ. ಮೂರನೇ ವಾರ.

"ಹಲೋ, ಯಾರು ಕದ್ದಿದ್ದು ಸಾರ್?" ಎನ್ನುತ್ತಿತ್ತು ಫೋನು. "ಹೇಳಿ ಸಾರ್, ಬರ್ಕೋತೀನಿ."

"ಏನು ಮಾಡ್ಲಿ ರೀ," ಎಂದಳು ಹೆಂಡತಿ, "ವಾರಕ್ಕೊಂದು ಕಾಗದ ಬರಿ ಅಂತ ಅಪ್ಪ ಕೂರಿಸಿಬಿಡೋರು, ನಿಮ್ಮನ್ನ ನೆನೆಸಿಕೊಂಡ್ರೆ ನಂಗೆ ಒಂದು ಸಾಲೂ ಹೊಳೀತಿರಲಿಲ್ಲ."