ಒಂದು ಅಣುವಿನಷ್ಟು ದಪ್ಪ

ಪದರ ತನ್ನ ಮೇಜಿನ ಗಾಜಿನ ತಟ್ಟೆಯಲ್ಲೇ ಉಳಿದಿದೆ ಎಂದು ಸಂಶೋಧನಾ ವಿದ್ಯಾರ್ಥಿನಿಗೆ ಗೊತ್ತಾಗುವಷ್ಟರಲ್ಲಿ ಒಳಕೋಣೆಯಲ್ಲಿ ಪರೀಕ್ಷೆ ಶುರುವಾಗಿಬಿಟ್ಟಿತ್ತು.

ಆ ಪದರವನ್ನು ಕೃತಕ ಕೈಯ ಬೆರಳತುದಿಗಳಿಗೆ ಅಂಟಿಸಬೇಕು. ಆಗಲೇ ಬೆರಳನ್ನು ಯಾರಾದರೂ ಮುಟ್ಟಿದರೆ, ಕೈ ತೊಟ್ಟವರ ತೋಳಿಗೆ ಕಟ್ಟಿದ ಪಟ್ಟಿ ಮೆಲ್ಲಗೆ ಕಂಪಿಸುತ್ತದೆ. ಪದರವಿಲ್ಲದ ಕೈ ಬರೀ ಪ್ಲಾಸ್ಟಿಕ್. ಆದರೂ ಬಾಗಿಲಾಚೆಯಿಂದ, ಆ ಕೈ ತೊಟ್ಟು ನೋಡದೆಯೇ ಸ್ಪರ್ಶ ಗುರುತಿಸಬೇಕಿದ್ದ ಮೇಷ್ಟ್ರ ಹೆಂಡತಿಯ ದನಿ ಕೇಳಿಸಿತು.

“ಈಗ ಹಿಡ್ಕೊಂಡ್ರಿ.”

“ಸರಿ,” ಎಂದರು ಮೇಷ್ಟ್ರು.

“ಈಗ ಕಿರುಬೆರಳು.”

“ಅದೂ ಸರಿ.”

ಆ ಪದರಕ್ಕಾಗಿ ಪಟ್ಟ ಪಾಡು ಅವಳಿಗೇ ಗೊತ್ತು. ಚಿನ್ನ ಲೇಪಿಸಿದ ಹಾಳೆಯನ್ನು ಕೊಳೆತ ಬೆಳ್ಳುಳ್ಳಿಯಂತೆ ನಾರುವ ದ್ರಾವಣದಲ್ಲಿ ಮುಳುಗಿಸಿಟ್ಟರೆ, ಅಣುಗಳು ತಾವಾಗಿಯೇ ಬಂದು ಒತ್ತೊತ್ತಾಗಿ ಸಾಲು ನಿಲ್ಲುತ್ತವೆ. ದಪ್ಪ, ಒಂದೇ ಅಣುವಿನಷ್ಟು. ಅದರ ಮೇಲೆ ವಿದ್ಯುತ್ ಹರಿಯುವ ಪಾಲಿಮರ್ ಬೆಳೆಸಬೇಕು. ಅದು ಬೆಳೆಯುವ ಮೊದಲೇ ಬರಿಗೈ ತಾಗಿದರೆ ಮುಗಿಯಿತು, ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬಸ್ಸಿನಲ್ಲಿ ಪಕ್ಕ ಕೂತವರು ಅವಳ ವಾಸನೆಗೆ ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು.

ಅವಳ ಪ್ರಬಂಧಕ್ಕೆ ಉಳಿದಿದ್ದು ಈ ಪರೀಕ್ಷೆಯ ಅಧ್ಯಾಯ ಒಂದೇ. ಅಂಕಿಗಳನ್ನು ಕೇಳಿದಾಗಲೆಲ್ಲ ಮಾರ್ಗದರ್ಶಕರಾದ ಮೇಷ್ಟ್ರು “ಮುಂದಿನ ವಾರ” ಎನ್ನುತ್ತಿದ್ದರು. ಈಗ ನೋಡಿದರೆ ಪದರವೇ ಇಲ್ಲದೆ ಎಲ್ಲವೂ ಸರಿ! ಹಾಗಾದರೆ ಇಷ್ಟು ದಿನದ್ದೆಲ್ಲ ಸುಳ್ಳೇ?

ಮೇಷ್ಟ್ರನ್ನು ಅನುಮಾನಿಸಲು ಮನಸ್ಸು ಒಪ್ಪಲಿಲ್ಲ. ಅಂಥ ಶಿಸ್ತಿನ ಮನುಷ್ಯ. ಪದರ ಅಂಟಿಸುವುದೂ ಅವರೇ, ಬೆರಳು ಮುಟ್ಟುವುದೂ ಅವರೇ. ಒಳಗೆ ಮೂರನೆಯವರಿಗೆ ಪ್ರವೇಶವಿಲ್ಲ. ಗಂಡ ನಡೆದು ಬರುತ್ತಿದ್ದರು, ಹೆಂಡತಿ ಬಸ್ಸಿನಲ್ಲಿ. ಹೊರಗೆ ಏನಾದರೂ ತಿಳಿಯಬೇಕಿದ್ದರೂ ಆಕೆ “ಅವರನ್ನ ಕೇಳಮ್ಮ” ಎಂದು ಇವಳನ್ನೇ ಕಳಿಸುತ್ತಿದ್ದರು. ಅಂಕಿಗಳಿಗೆ ಮುಲಾಜು ಅಂಟಬಾರದಲ್ಲ! “ನಮ್ಮ ಮೇಷ್ಟ್ರು ಕಟ್ಟಿಕೊಂಡವಳಿಗೂ ರಿಯಾಯಿತಿ ಕೊಡಲ್ಲ,” ಎಂದು ಪ್ರಯೋಗಾಲಯದವರು ನಗುತ್ತಿದ್ದರು.

ಪರೀಕ್ಷೆ ಮುಗಿಸಿ ಹೊರಬಂದ ಆಕೆಯನ್ನು ಅವಳು ಮೆಟ್ಟಿಲ ಬಳಿ ತಡೆದಳು.

“ಅಮ್ಮಾ, ಇವತ್ತು ಬೆರಳಿಗೆ ಪದರವೇ ಹಾಕಿರ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?”

ಆಕೆಯ ಮುಖ ಬಿಳಿಚಿಕೊಂಡಿತು. “ಈ ಕೈಗೆ ಯಾವತ್ತೂ ಏನೂ ಗೊತ್ತಾಗಿಲ್ಲ ಕಣಮ್ಮ. ಬಾಯಿಗೆ ಬಂದಿದ್ದು ಹೇಳ್ತೀನಿ. ಅವರು ಸರಿ ಅಂತಾರೆ.” ಕಣ್ಣುಗಳು ತುಂಬಿಕೊಂಡವು. “ಅವರಿಗೆ ಮಾತ್ರ ಹೇಳ್ಬೇಡ. ಪರೀಕ್ಷೆ ನಿಲ್ಲಿಸಿಬಿಟ್ರೆ ನಾನೇನ್ ಮಾಡ್ಲಿ?”

ಗಂಡನ ಹೆಸರು ಉಳಿಯಲಿ ಎಂದು ನನ್ನ ಬದುಕಿಗೆ ಕಲ್ಲು ಹಾಕುವುದೇ? ವಿದ್ಯಾರ್ಥಿನಿಗೆ ಸಿಟ್ಟು ನೆತ್ತಿಗೇರಿತು. ನೇರವಾಗಿ ಒಳಕೋಣೆಗೆ ನುಗ್ಗಿದಳು.

“ಸಾರ್, ಅವರಿಗೆ ಏನೂ ಗೊತ್ತಾಗ್ತಿಲ್ಲ. ಪದರ ನನ್ನ ಮೇಜಿನ ಮೇಲೇ ಇದೆ.”

ಮೇಷ್ಟ್ರು ಕುರ್ಚಿಯಿಂದ ಎದ್ದಿರಲಿಲ್ಲ. “ಗೊತ್ತಮ್ಮ. ನಾನು ಅದನ್ನ ಒಂದ್ಸಲನೂ ಅಂಟಿಸಿಲ್ಲ.”

“ಯಾಕೆ ಸಾರ್?” ಎಂದಳು ಅವಳು.

“ಸುಳ್ಳು ಅಂಕಿ ನಿನಗೆ ಹೇಗೆ ಕೊಡ್ಲಿ? ಅದಕ್ಕೇ ಮುಂದೂಡ್ತಾ ಬಂದೆ. ತಪ್ಪಾಯ್ತು. ನಿನ್ನ ಪದರ ಚೆನ್ನಾಗಿದೆ. ಅಂಟಿಸಿದ್ರೆ ಖಂಡಿತ ಕೆಲಸ ಮಾಡುತ್ತೆ. ಕೆಲಸ ಮಾಡಿದ್ರೆ ಪರೀಕ್ಷೆ ಮುಗಿದುಹೋಗುತ್ತೆ.”

“ಮುಗೀಲಿ ಸಾರ್! ನಮಗೆ ಬೇಕಾಗಿರೋದೂ ಅದೇ ಅಲ್ವಾ?”

ಮೇಷ್ಟ್ರು ಹೆಂಡತಿ ಕೂತಿದ್ದ ಖಾಲಿ ಕುರ್ಚಿಯ ಕಡೆ ನೋಡಿದರು.

“ಅವಳ ಕೈ, ನಮ್ಮ ಮಗಳು, ಎರಡೂ ಹೋದ ದಿನ ಕಾರು ಓಡಿಸ್ತಿದ್ದೋನು ನಾನು, ಅವತ್ತಿಂದ ಅವಳು ನನ್ನ ಹತ್ರ ಮಾತಾಡೋದು ಈ ಕೋಣೆಯಲ್ಲಿ ಮಾತ್ರ.”